ಹುಳುಮನೆಗೆ ಹೋದ ಪುಸ್ತಕ

ಕಾಲೇಜಿನ ಗ್ರಂಥಪಾಲಕಿಯಾದ ನಾನು ವಿದ್ಯಾರ್ಥಿಗಳ ಸಭೆಗೆ ಉತ್ತರಗಳನ್ನು ಸಿದ್ಧಮಾಡಿಕೊಂಡೇ ಹೋಗಿದ್ದೆ. ಗ್ರಂಥಾಲಯ ಬಳಸಲು ವಿದ್ಯಾರ್ಥಿಗಳಿಗೆ ಏನೇನು ತೊಂದರೆಯಿದೆ ಕೇಳಿ, ಅಲ್ಲೇ ಪರಿಹಾರ ಹೇಳಿ ಎಂದು ಪ್ರಾಂಶುಪಾಲರು ಹೇಳಿದಾಗಲೇ ಮಕ್ಕಳು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಫ್ಯಾನು ತಿರುಗುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಸಿಗುವುದಿಲ್ಲ. ಹನೂರು ಬಸ್ಸು ಬೇಗ ಹೊರಡುತ್ತದೆ, ನೀವು ಬಾಗಿಲು ತೆಗೆಯುವಷ್ಟರಲ್ಲಿ ಕ್ಲಾಸು ಶುರುವಾಗಿರುತ್ತದೆ. ಅವರು ಕೇಳಿದ್ದೂ ಇವನ್ನೇ.

ಮೊದಲ ಬಸ್ಸು ಕೊಳ್ಳೇಗಾಲಕ್ಕೆ ಬರುವ ಹೊತ್ತಿಗೇ ಬಾಗಿಲು ತೆಗೆಯುತ್ತೇನೆಂದು ಒಪ್ಪಿಕೊಂಡೆ. ಪ್ರಶ್ನೆಪತ್ರಿಕೆಗಳನ್ನು ವಿಷಯವಾರು ಹೊಲಿಸಿ ಮೇಜಿನ ಮೇಲೆ ಇಡುತ್ತೇನೆಂದೆ. ಫ್ಯಾನಿನ ಮಾತು ಬಂದಾಗ ಪ್ರಾಂಶುಪಾಲರ ಮುಖ ನೋಡಿದೆ, ಅವರು ಕಿಟಕಿಯ ಕಡೆ ನೋಡಿದರು, ಹುಡುಗರೆಲ್ಲ ನಕ್ಕರು. ಇನ್ನೇನು ಮುಗಿಯಿತು ಎನ್ನುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಬಿ.ಎ. ಕೊನೆಯ ವರ್ಷದವಳು, ಯಳಂದೂರು ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳು.

“ಮೇಡಂ, ಸಾಯಂಕಾಲ ಪುಸ್ತಕ ಇಲ್ಲೇ ಕೊಟ್ಬುಟ್ಟು ಬೆಳಿಗ್ಗೆ ಅದ್ನೇ ತಕಳಕಾಯ್ತದಾ? ಮಧ್ಯದಲ್ಲಿ ಬ್ಯಾರೆಯವ್ರಿಗೆ ಕೊಡ್ದಂಗೆ?”

ನನಗೆ ಅರ್ಥವಾಗಲಿಲ್ಲ. “ಮನೆಗೆ ತೆಗೆದುಕೊಂಡು ಹೋಗೋಕೆ ಹದಿನೈದು ದಿನ ಸಮಯ ಇದೆಯಲ್ಲ. ದಿನಾ ಕೊಟ್ಟು ದಿನಾ ತೆಗೆದುಕೊಳ್ಳೋದು ಯಾಕೆ?”

ಅವಳು ಪಕ್ಕದವಳನ್ನು ನೋಡಿದಳು. ಪಕ್ಕದವಳು ನೆಲ ನೋಡಿದಳು. ಇನ್ನೂ ನಾಲ್ಕೈದು ಜನ ಹಾಗೇ ತಲೆ ತಗ್ಗಿಸಿದ್ದು ನನ್ನ ಕಣ್ಣಿಗೆ ಬಿತ್ತು. “ಇರ್ಲಿ ಬುಡಿ ಮೇಡಂ” ಎಂದು ಕೂತುಬಿಟ್ಟಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪುಸ್ತಕ ಕಪಾಟಿನಲ್ಲಿರಬಾರದು, ಮನೆಗೆ ಹೋಗಬೇಕು ಎನ್ನುವುದು ನನ್ನ ಹಟ. ಅದಕ್ಕಾಗಿ ಎಷ್ಟೋ ನಿಯಮ ಸಡಿಲಿಸಿದ್ದೆ. ಆ ವರ್ಷದ ಮಳೆಗಾಲದಲ್ಲಿ ಹಿಂದಿನ ಗೋಡೆಗೆ ಗೆದ್ದಲು ಹತ್ತಿ, ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳುಗಳು ಕಪಾಟು ತುಂಬ ಓಡಾಡುತ್ತಿದ್ದಾಗ, ಪ್ರಾಂಶುಪಾಲರ ಹಿಂದೆ ಬಿದ್ದು ಔಷಧಿ ಹೊಡೆಸಿದ್ದೆ. ಪ್ರತಿ ಕಪಾಟಿನ ಪ್ರತಿ ಅಂಕಣಕ್ಕೂ ನುಸಿಗುಳಿಗೆ ಕಟ್ಟಿಸಿದ್ದೆ. ಬಾಗಿಲು ತೆಗೆದರೆ ಆ ಘಾಟು ಮೂಗಿಗೆ ಬಡಿಯುತ್ತಿತ್ತು, ನನಗೆ ಅದು ಹಿತವಾಗಿಯೇ ಇತ್ತು. ಇಷ್ಟೆಲ್ಲ ಕಾಪಾಡಿದ ಪುಸ್ತಕವನ್ನು ಮನೆಗೆ ಒಯ್ಯಲು ಇವರಿಗೇನು ಸೋಮಾರಿತನ ಎಂದುಕೊಂಡೆ. ಆ ಒಂದು ಕೋರಿಕೆಗೆ ಮಾತ್ರ ಆಗುವುದಿಲ್ಲ ಎಂದು ಉತ್ತರ ಕೊಟ್ಟೆ.

ಆಮೇಲೆ ಗಮನಿಸತೊಡಗಿದೆ. ಕೊಳ್ಳೇಗಾಲದ ಪೇಟೆಯ ಮಕ್ಕಳು ಪುಸ್ತಕ ಒಯ್ಯುತ್ತಿದ್ದರು. ಕಾಡಂಚಿನ ಹೂಗ್ಯಂನಿಂದ ಬರುವ ಹುಡುಗ ಒಟ್ಟಿಗೆ ಮೂರು ಪುಸ್ತಕ ಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಓಡುತ್ತಿದ್ದ. ಆದರೆ ಬಯಲಿನ ಕೆಲವು ಹಳ್ಳಿಗಳ ಮಕ್ಕಳು ಬೆಳಿಗ್ಗೆ ತೆಗೆದುಕೊಂಡ ಪುಸ್ತಕವನ್ನು ಬಸ್ಸಿಗೆ ಮುಂಚೆ ತಂದು ಒಪ್ಪಿಸುತ್ತಿದ್ದರು. ವಿಚಿತ್ರವೆಂದರೆ, ನಡುವೆ ಒಂದಷ್ಟು ದಿನ ಅವರೇ ಎಲ್ಲರಂತೆ ಮನೆಗೂ ಒಯ್ಯುತ್ತಿದ್ದರು. ಮತ್ತೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಇದೇನು ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕವೇ ಎಂದು ಅಟೆಂಡರನ್ನು ಕೇಳಿದೆ. ನಿವೃತ್ತಿಯ ಹತ್ತಿರ ಬಂದಿದ್ದ ಪೇಟೆಯ ಮನುಷ್ಯ ಅವರು. “ಈಗಿನ್ ಮಕ್ಕಳ ಮನ್ಸು ಯಾರ್ಗೆ ಗೊತ್ತು ಮೇಡಂ” ಎಂದು, ಸರಸ್ವತಿಯ ಪಟಕ್ಕೆ ಊದುಬತ್ತಿ ಹಚ್ಚಲು ಹೋದರು.

ಗುಟ್ಟು ಬಯಲಾದದ್ದು ಒದ್ದೆಯಾದ ಪುಸ್ತಕದಿಂದ. ಸಭೆಯಲ್ಲಿ ಎದ್ದು ನಿಂತಿದ್ದ ಅದೇ ಹುಡುಗಿ ಒಂದು ಶನಿವಾರ ಅರ್ಥಶಾಸ್ತ್ರದ ಪುಸ್ತಕ ಒಯ್ದಿದ್ದಳು. ಸೋಮವಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಹಾಳೆಗಳು ಉಬ್ಬಿದ್ದವು, ರಟ್ಟು ಬಿಟ್ಟುಕೊಂಡಿತ್ತು.

“ಎಲ್ಲಿಟ್ಟಿದ್ದೆ ಇದನ್ನ?”

“ಪಂಪ್‌ಸೆಟ್ ಮನೇಲಿ ಮೇಡಂ. ಶೀಟು ಸೋರ್ತಿತ್ತು, ನಾ ನೋಡ್ನಿಲ್ಲ.”

“ಪುಸ್ತಕ ಇಡೋಕೆ ಮನೆಯಲ್ಲಿ ಜಾಗ ಇಲ್ಲವೇನಮ್ಮ?”

“ಜಾಗ ಅದೆ ಮೇಡಂ” ಎಂದಳು. ಆಮೇಲೆ ಅಳು ಬಂತು. ನಾನು ಬೈದದ್ದಕ್ಕಲ್ಲ, ಎಷ್ಟೋ ದಿನದಿಂದ ತಡೆದುಕೊಂಡ ಅಳು ಅದು. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ. ಸುಧಾರಿಸಿಕೊಂಡು ಒಂದೇ ಮಾತು ಹೇಳಿದಳು. “ವಾಸ್ನೆ ಮೇಡಂ. ಉಳಕ್ಕೆ ಆಗಕಿಲ್ಲ.”

ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳುವಿಗೆ ಬೇರೆ ಮನೆಯಿಲ್ಲ. ಇರುವ ಮನೆಯ ನಡುವಿನಲ್ಲೇ ತಟ್ಟೆಗಳನ್ನು ಸಾಲಾಗಿ ಏರಿಸಿ, ಸುತ್ತ ಉಳಿದ ಜಾಗದಲ್ಲಿ ಮನುಷ್ಯರು ಮಲಗುತ್ತಾರೆ. ಹುಳು ಮನೆಗೆ ಬಂದ ದಿನದಿಂದ ಗೂಡು ಕಟ್ಟುವ ತನಕ ಆ ಮನೆಗೆ ಸೊಳ್ಳೆಬತ್ತಿಯಿಲ್ಲ, ಊದುಬತ್ತಿಯಿಲ್ಲ, ಪೌಡರಿಲ್ಲ, ಮಲ್ಲಿಗೆಯಿಲ್ಲ, ಬೀಡಿಯಂತೂ ಬೀದಿಯಾಚೆ. ಆ ಸಭೆಗೂ ಮುಂಚಿನ ಒಂದು ಬೆಳೆಯಲ್ಲಿ ಅವಳು ಗ್ರಂಥಾಲಯದ ಪುಸ್ತಕ ಮನೆಯೊಳಗೆ ತಂದು ತಟ್ಟೆಯ ಪಕ್ಕದಲ್ಲೇ ಓದುತ್ತ ಕೂತಿದ್ದಳು. ಮಾರನೆಯ ದಿನ ಹುಳುಗಳು ಸೊಪ್ಪು ಮುಟ್ಟಲಿಲ್ಲ. ಆಮೇಲೆ ಒಂದೊಂದೇ ತಟ್ಟೆ ಎತ್ತಿ ಗುಂಡಿಗೆ ಸುರಿದರು. ಸೆಖೆಗೋ, ರೋಗಕ್ಕೋ, ಪುಸ್ತಕಕ್ಕೋ, ಯಾರಿಗೆ ಗೊತ್ತು? ಪುಸ್ತಕ ಮೂಸಿ ನೋಡಿದ ಅಜ್ಜಿ ಮಾತ್ರ, ಇದರಿಂದಲೇ ಎಂದುಬಿಟ್ಟರು. ಸುದ್ದಿ ಊರೂರು ಹಬ್ಬಿತು. ಅಂದಿನಿಂದ ಹುಳು ಇರುವ ಮನೆಗಳಿಗೆ ನಮ್ಮ ಕಾಲೇಜಿನ ಪುಸ್ತಕ ಹೋಗುತ್ತಿರಲಿಲ್ಲ. ಬೆಳೆ ಮುಗಿದು ಮನೆ ತೊಳೆದು ಸುಣ್ಣ ಬಳಿಯುವ ದಿನಗಳಲ್ಲಿ ಮಾತ್ರ ಹೋಗುತ್ತಿತ್ತು.

“ಸಭೆಯಲ್ಲಿ ಯಾಕೆ ಹೇಳಲಿಲ್ಲ?” ಎಂದೆ.

“ನೀವೇ ಇಷ್ಟಪಟ್ಟು ಆಕ್ಸಿದ್ದು ಮೇಡಂ ಆ ಗುಳಿಗೆ. ಎಂಗೇಳದು?”

ನಾನು ತೆಂಗಿನ ಸೀಮೆಯವಳು. ಮದುವೆಗೆಂದು ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟಿದ್ದೇನೆಯೇ ಹೊರತು, ಆ ನೂಲು ಬರುವ ಮನೆಯಲ್ಲಿ ಹೇಗೆ ಬದುಕುತ್ತಾರೆಂದು ತಿಳಿದವಳಲ್ಲ. ಅದು ತಪ್ಪೇನಲ್ಲ, ತಿಳಿಯುವ ಸಂದರ್ಭ ಬಂದಿರಲಿಲ್ಲ. ಈಗ ಬಂದಿತ್ತು.

ಮೊದಲು ತೋಚಿದ್ದು ಸುಲಭದ ದಾರಿ. ನುಸಿಗುಳಿಗೆಗಳನ್ನೆಲ್ಲ ತೆಗೆಸಿ ಹಾಕಿ, ಬದಲಿಗೆ ಒಣಗಿದ ಬೇವಿನ ಎಲೆ ಇಡಿಸಿದೆ. ನಮ್ಮಜ್ಜಿಯ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಬೇವಿನ ಎಲೆಯೇ ಇರುತ್ತಿತ್ತು. ಎರಡು ದಿನ ಬಿಟ್ಟು ಹುಡುಗಿಯನ್ನು ಕರೆದು ಹೆಮ್ಮೆಯಿಂದ ಕಪಾಟು ತೆಗೆದು ತೋರಿಸಿದೆ. ಅವಳ ಮುಖ ಸಣ್ಣದಾಯಿತು.

“ಬೇವೂ ಆಗಕಿಲ್ಲ ಮೇಡಂ. ನಮ್ಮ ತೋಟದ ಬದೀಲಿದ್ದ ಬೇವಿನ ಮರ್‌ವೇ ಕಡ್ಸುದ್ರು ನಮ್ಮಪ್ಪ.”

“ಮತ್ತೇನು ಆಗುತ್ತಮ್ಮ ನಿಮ್ಮ ಹುಳಕ್ಕೆ?”

“ಏನೂ ಆಗಕಿಲ್ಲ ಮೇಡಂ. ಸೊಪ್ಪು ಒಂದೇ.”

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಪ್ರಾಂಶುಪಾಲರು, ಬೇಕಾದ ಪಾಠ ಜೆರಾಕ್ಸ್ ಮಾಡಿಸಿಕೊಳ್ಳಲಿ, ಇಲ್ಲ ಮೊಬೈಲಿನಲ್ಲಿ ಓದಿಕೊಳ್ಳಲಿ ಎಂದರು. ಕನ್ನಡ ಮಾಧ್ಯಮದ ಆ ಪುಸ್ತಕಗಳು ಮೊಬೈಲಿನಲ್ಲಿ ಸಿಗುವುದಿಲ್ಲ. ಅಷ್ಟು ದಪ್ಪದ ಪುಸ್ತಕಗಳನ್ನು ಎಷ್ಟೆಂದು ಜೆರಾಕ್ಸ್ ಮಾಡಿಸುವುದು? ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಈ ಮಕ್ಕಳು ಕೊಳ್ಳೇಗಾಲಕ್ಕೆ ಬರುವುದೂ ಇಲ್ಲ. ಬೆಳಗಾದರೆ ಸೊಪ್ಪು ಕೊಯ್ಯಬೇಕು. ಓದುವುದಿದ್ದರೆ ಮನೆಯಲ್ಲೇ, ಹುಳುವಿನ ಪಕ್ಕದಲ್ಲೇ.

ಆ ಭಾನುವಾರ ನಾನೇ ಅವಳ ಊರಿಗೆ ಹೊರಟೆ. ಒಬ್ಬರ ಮನೆಗೆ ಹೋಗುತ್ತಿದ್ದೇನಲ್ಲ ಎಂದು ಬೀರುವಿನಿಂದ ಒಳ್ಳೆಯ ಸೀರೆ ತೆಗೆದುಟ್ಟು, ಕೇಳಿದ್ದೆಲ್ಲ ಮರೆತು ಎಂದಿನಂತೆ ಮಲ್ಲಿಗೆ ಮುಡಿದು, ಬಸ್ಸಿನ ಕುಲುಕಾಟಕ್ಕೆ ತಲೆನೋವು ಬಂದು ಹಣೆಗೆ ಮುಲಾಮನ್ನೂ ಹಚ್ಚಿಕೊಂಡು ಹೋಗಿ ಅವರ ಬಾಗಿಲಲ್ಲಿ ನಿಂತೆ. ಹುಡುಗಿ ನನ್ನನ್ನು ನೋಡಿ ಓಡಿ ಬಂದವಳು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು. ಬೀರುವಿನ ಸೀರೆಗೂ ನುಸಿಗುಳಿಗೆಯ ವಾಸನೆಯೇ ಎಂದು ನನಗೆ ಹೊಳೆದದ್ದು ಆಗ.

ಅವಳ ತಾಯಿ ಒಳಗಿನಿಂದ ಬಂದು ಹೊಸ್ತಿಲಿಗೆ ಅಡ್ಡವಾಗಿ ನಿಂತರು. ಕೈಗೆ ಸೊಪ್ಪಿನ ಹಸಿರು ಹತ್ತಿತ್ತು. ನಲವತ್ತರ ಆಸುಪಾಸಿನ, ಸಣ್ಣ ಮೈಯ ಹೆಂಗಸು. ಕೈಮುಗಿದರು, ಆದರೆ ಬಾಗಿಲು ಬಿಡಲಿಲ್ಲ.

“ತಪ್ಪು ತಿಳ್ಕಬ್ಯಾಡಿ ಮೇಡಮ್ಮೋರೆ. ಮನೆಗಂಟ ಬಂದವ್ರಿಗೆ ಒಳೀಕ್ ಬನ್ನಿ ಅನ್ನಕಾಗ್ದು. ಉಳ ನಾಕ್ನೇ ಜ್ವರ ಎದ್ದವೆ.”

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಮಲಗುತ್ತದೆ. ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳುವಿಗೆ ಎಲ್ಲಿಲ್ಲದ ಹಸಿವು. ಆಗ ಕೆಟ್ಟರೆ ಇಡೀ ಬೆಳೆ ಕೆಟ್ಟಂತೆ. ಇದನ್ನೆಲ್ಲ ಆ ತಾಯಿ ನನಗೆ ಬೀದಿಯಲ್ಲಿ ನಿಲ್ಲಿಸಿಯೇ ವಿವರಿಸಿದರು. ಹೇಳುತ್ತ ಹೇಳುತ್ತ ಅವರಿಗೆ ಕಣ್ಣು ತುಂಬಿತು. ಮನೆಗೆ ಬಂದ ಮೇಡಮ್ಮನನ್ನು ಹೊರಗೆ ನಿಲ್ಲಿಸಿದ್ದೇನಲ್ಲ ಎಂಬ ಸಂಕಟ ಅವರಿಗೆ. ಎದುರುಮನೆಯ ಜಗಲಿಯಲ್ಲಿ ಚಾಪೆ ಹಾಸಿಸಿ ಕೂರಿಸಿದರು. ಕಾಫಿ ಅಲ್ಲಿಗೇ ಬಂತು. ಮಲ್ಲಿಗೆ ತೆಗೆದು ಜಗಲಿಯ ಮೇಲಿಟ್ಟೆ. ಅದು ಅವರಿಗೆ ಇನ್ನಷ್ಟು ನೋವು ಕೊಟ್ಟಿತೇನೋ, “ಅಯ್ಯೋ, ಮುಡ್ಕಳಿ, ಇಲ್ಲಿಗೇನ್ ಬರಕಿಲ್ಲ” ಎಂದರು.

ನಾನು ನೇರವಾಗಿಯೇ ಕೇಳಿದೆ. ಅವರೂ ನೇರವಾಗಿಯೇ ಹೇಳಿದರು. “ನಂಗೆ ಇವ್ಳು ಓದ್ಲಿ ಅಂತ್ಲೇ ಆಸೆ. ಮುಂದ್ಲು ಬೆಳೆ ಸರ್ಯಾಗಿ ಇವಳ ಪರೀಕ್ಷೆಗೆ ಬತ್ತದೆ. ಇನ್ನೊಂದ್ಕಿತ ಉಳ ಕೆಟ್ರೆ, ಪುಸ್ತಕದಿಂದ್ಲೇ ಅಂದ್ಬುಟ್ಟು ಇವಳ ಕಾಲೇಜು ಬುಡುಸ್ತರೆ. ನಾನೊಬ್ಳು ಬ್ಯಾಡ ಅಂದ್ರೆ ಯಾರು ಕೇಳರು?”

“ಪುಸ್ತಕದ ವಾಸನೆ ಹೋಗಿದೆ ಅಂತ ನಾನು ಹೇಳಿದರೆ ನಂಬ್ತೀರಾ?”

“ನೀವೇಳುದ್ರೆ ನಾ ನಂಬ್ತೀನಿ. ನಮ್ಮತ್ತೆ ನಂಬಕಿಲ್ಲ. ಉಳವೂ ನಂಬಕಿಲ್ಲ.”

“ಹಾಗಾದರೆ ಯಾರು ಹೇಳಿದರೆ ನಂಬ್ತೀರಿ?”

ಅವರು ಮಗಳ ಮುಖ ನೋಡಿ ಸ್ವಲ್ಪ ನಕ್ಕರು. “ಉಳವೇ ಏಳ್ಬೇಕು ಮೇಡಮ್ಮೋರೆ.”

ತಮಾಷೆಗೆ ಆಡಿದ ಮಾತು ಅದು. ನಾನು ಅದನ್ನೇ ಹಿಡಿದುಕೊಂಡೆ. ಹುಳುವನ್ನೇ ಗ್ರಂಥಾಲಯಕ್ಕೆ ಕರೆದೊಯ್ದು ಕೇಳಿದರೇನು? ಪುಸ್ತಕದ ಪಕ್ಕದಲ್ಲಿ ಒಂದು ತಟ್ಟೆ ಇಟ್ಟು ಸಾಕಿ ನೋಡುವುದು. ತಿಂದರೆ ಸರಿ, ತಿನ್ನದಿದ್ದರೆ ಇಲ್ಲ. ಹೇಳಿದ ಮೇಲೆ, ಒಪ್ಪಲಿಕ್ಕಿಲ್ಲ ಎಂದುಕೊಂಡೆ. ಒಂದು ಹಿಡಿ ಹುಳು ಎಂದರೂ ಅವರ ಬೆವರು. ತಾಯಿ ಎದ್ದು ಒಳಗೆ ಹೋದರು, ಎರಡು ಸಣ್ಣ ಬಿದಿರು ತಟ್ಟೆಗಳಲ್ಲಿ ಹುಳು ತಂದರು, ಮೇಲೆ ತೆಳು ಬಟ್ಟೆ ಮುಚ್ಚಿದ್ದರು. ನನ್ನಿಂದ ದೂರವೇ ನಿಂತು, ಬೆಳಿಗ್ಗೆ ಮಗಳ ಕೈಲಿ ಕಳಿಸುತ್ತೇನೆಂದರು. “ಒದ್ದೆ ಸೊಪ್ಪು ಆಕ್ಬ್ಯಾಡಿ. ಇರುವೆ ನೋಡ್ಕಳಿ” ಎಂದರು. ಆಮೇಲೆ, “ಅವು ಸತ್ರೂ ನೀವು ಬೇಜಾರ್ ಮಾಡ್ಕಬ್ಯಾಡಿ” ಎಂದರು.

ಮಾರನೆಯ ದಿನ ಮೊದಲ ಬಸ್ಸಿನಲ್ಲಿ ಹುಡುಗಿ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಪ್ರಾಂಶುಪಾಲರ ಅನುಮತಿ ಕೇಳಲು ಹೋದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಗ್ರಂಥಾಲಯದಲ್ಲಿ ಹುಳ ಇರಬಾರದು ಅಂತ ಔಷಧಿ ಹೊಡೆಸಿದ್ದು ನೀವೇ ಅಲ್ವೇನಮ್ಮ?”

“ಹೌದು ಸರ್. ಆ ಹುಳ ಬೇರೆ, ಈ ಹುಳ ಬೇರೆ.”

“ಏನಾದರೂ ಮಾಡಿಕೊಳ್ಳಿ. ನನ್ನ ಕೋಣೆಗೆ ಮಾತ್ರ ತರಬೇಡಿ” ಎಂದರು. ಅದನ್ನೇ ಅನುಮತಿ ಎಂದುಕೊಂಡೆ.

ಬೇವಿನ ಎಲೆಗಳನ್ನೂ ತೆಗೆಸಿ, ಒಂದು ತಟ್ಟೆಯನ್ನು ಪಠ್ಯಪುಸ್ತಕಗಳ ಕಪಾಟಿನಲ್ಲಿ ಪುಸ್ತಕಗಳ ನಡುವೆ ಇಟ್ಟೆ. ಇನ್ನೊಂದನ್ನು ಮಹಡಿಯ ಮೇಲೆ, ಪುಸ್ತಕವೇ ಇಲ್ಲದ ಖಾಲಿ ಕೋಣೆಯಲ್ಲಿ ಇಟ್ಟೆ. ಎರಡಕ್ಕೂ ಒಂದೇ ಸೊಪ್ಪು, ಒಂದೇ ಹೊತ್ತು. ಸೊಪ್ಪು ಕೆಟ್ಟರೆ ಎರಡೂ ಕಡೆ ಸಾಯಬೇಕು, ಪುಸ್ತಕ ಕೆಟ್ಟರೆ ಒಂದೇ ಕಡೆ. ಕಪಾಟಿನ ಕಾಲುಗಳಿಗೂ ಮಹಡಿಯ ಮೇಜಿನ ಕಾಲುಗಳಿಗೂ ನೀರಿನ ಬಟ್ಟಲು ಇಟ್ಟು ಇರುವೆಗೆ ತಡೆ ಮಾಡಿದೆವು. ಹಳ್ಳಿಯ ಮಕ್ಕಳು ಸರದಿಯಂತೆ ಚೀಲದಲ್ಲಿ ಹಿಪ್ಪುನೇರಳೆ ಸೊಪ್ಪು ತಂದರು.

ಕಪಾಟಿನ ಹುಳುಗಳು ಮೊದಲ ದಿನವೇ ಸೊಪ್ಪಿನಿಂದ ತಲೆಯೆತ್ತಿದವು. ಮರುದಿನ ಬಾಗಿಲು ತೆಗೆದಾಗ ಹಾಕಿದ ಸೊಪ್ಪು ಬಾಡಿ ಹಾಗೇ ಬಿದ್ದಿತ್ತು. ಕೆಲವು ಹಸಿರು ನೀರು ಕಕ್ಕಿ ಮುದುಡಿದ್ದವು. ಮಹಡಿಯ ಮೇಲಿನವು ಎಲೆಯ ನರ ಮಾತ್ರ ಬಿಟ್ಟು ತಿಂದು ಮುಗಿಸಿದ್ದವು. ಹುಡುಗಿ ಸತ್ತ ಹುಳುಗಳನ್ನು ಒಂದೊಂದಾಗಿ ಕಾಗದಕ್ಕೆ ತೆಗೆದಳು. ಅಜ್ಜಿಯ ಮಾತು ನಿಜವಾಗಿತ್ತು. ನನ್ನ ಪುಸ್ತಕಗಳ ನಡುವೆ ಅವು ಸತ್ತುಹೋದವಲ್ಲ ಎಂದು ನನಗೆ ಬಹಳ ದುಃಖವಾಯಿತು. ಮನೆಗೆ ಹೋಗಿ ಇವಳು ಏನು ಹೇಳುತ್ತಾಳೋ ಎಂದು ಭಯವೂ ಆಯಿತು.

“ಮನೆಯಲ್ಲಿ ಏನು ಹೇಳ್ತೀಯ?” ಎಂದೆ.

“ಮ್ಯಾಲಿನವು ಬದುಕವೆ ಅಂತೀನಿ ಮೇಡಂ” ಎಂದಳು.

ಆ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಕಪಾಟಿನಲ್ಲಿ ಗುಳಿಗೆ ಇರಲಿಲ್ಲ, ಬೇವೂ ಇರಲಿಲ್ಲ, ಆದರೂ ಹುಳು ಸತ್ತವು. ಎಂದರೆ ಮರಕ್ಕೆ, ಗೋಡೆಗೆ, ಕೋಣೆಯ ಗಾಳಿಗೇ ವಾಸನೆ ಹಿಡಿದಿದೆ. ಪುಸ್ತಕಗಳನ್ನು ಇಲ್ಲೇ ಇಟ್ಟು ಎಷ್ಟು ಒರೆಸಿದರೂ ಅಷ್ಟೇ. ಮಹಡಿಯ ಖಾಲಿ ಕೋಣೆಯನ್ನೇ ಮನೆಗೆ ಒಯ್ಯುವ ಪುಸ್ತಕಗಳಿಗೆ ಬಿಟ್ಟುಕೊಡಬೇಕು, ಅಲ್ಲಿ ಯಾವ ಔಷಧಿಯೂ ಬರಬಾರದು ಎಂದು ತೀರ್ಮಾನಿಸಿದೆ. ಔಷಧಿಯಿಲ್ಲದೆ ಪುಸ್ತಕ ಇಡುವುದು ನನ್ನ ವೃತ್ತಿಗೆ ಒಗ್ಗುವ ಮಾತಲ್ಲ. ಮಳೆಗಾಲದ ಗೆದ್ದಲು ಕಣ್ಣಮುಂದೆ ಬರುತ್ತಿತ್ತು. ಆದರೆ ಯಾರೂ ಮನೆಗೆ ಒಯ್ಯದ ಪುಸ್ತಕವನ್ನು ಯಾರಿಗಾಗಿ ಕಾಯುವುದು?

ಕೆಲಸ ಹೆಚ್ಚಾಯಿತು. ಪಠ್ಯಪುಸ್ತಕಗಳನ್ನು ಮಹಡಿಯ ಪಡಸಾಲೆಗೆ ಹೊತ್ತು, ಹಾಳೆ ಬಿಡಿಸಿ, ಬೆನ್ನು ಮೇಲಾಗಿ ನಿಲ್ಲಿಸಿದೆವು. ನೇರ ಬಿಸಿಲು ಬಿದ್ದರೆ ಕಾಗದ ಹಳದಿಯಾಗುತ್ತದೆ, ಆದ್ದರಿಂದ ನೆರಳಿನ ಗಾಳಿಯಲ್ಲೇ. ದಿನಕ್ಕೊಮ್ಮೆ ಹಾಳೆ ಮಗುಚಿ, ಮೆತ್ತನೆಯ ಬ್ರಷ್ಷಿನಿಂದ ಹೊಲಿಗೆಯ ಸಂದು ಸಂದನ್ನೂ ಗುಡಿಸಬೇಕು. ಬೆಳ್ಳಿ ಹುಳು ಮೊಟ್ಟೆಯಿಡುವುದು ಅಲ್ಲೇ. ಹೊಸ ಕೋಣೆಯಲ್ಲಿ ಮರದ ಕಪಾಟಿನ ಬದಲು ಕಬ್ಬಿಣದ ರ‍್ಯಾಕು, ಗೋಡೆಯಿಂದ ಒಂದು ಗೇಣು ದೂರ. ಹೂಗ್ಯಂ ಹುಡುಗನಿಗೆ ಇದರಿಂದ ಏನೂ ಆಗಬೇಕಿರಲಿಲ್ಲ, ಆದರೂ ಹೊರೆ ಹೊರೆ ಪುಸ್ತಕ ಹೊತ್ತ. “ನಮ್ಕಡೆ ಆನೆ ಕಾಯ್ತೀವಿ, ಇಲ್ಲಿ ಉಳ ಕಾಯದು” ಎಂದು ಎಲ್ಲರನ್ನೂ ನಗಿಸುತ್ತಿದ್ದ.

ನಡುವೆ ಅಟೆಂಡರ್ ಮುನಿಸಿಕೊಂಡರು. ಮಹಡಿಯ ಕೋಣೆಗೂ ಸರಸ್ವತಿಯ ಪಟವೊಂದನ್ನು ತಂದು ತೂಗುಹಾಕಿ ಊದುಬತ್ತಿ ಹಚ್ಚಲು ಹೋದಾಗ ಹುಡುಗರೆಲ್ಲ ಒಟ್ಟಿಗೆ ಅವರ ಕೈ ಹಿಡಿದು ತಡೆದಿದ್ದರು. “ನಿಮ್ಮುಳಕ್ಕೆ ನಮ್ಮ ತಾಯಿ ಮ್ಯಾಲೆ ಏನು ಕ್ವಾಪ ಮೇಡಂ?” ಎಂದು ನನ್ನ ಬಳಿ ದೂರು ತಂದರು. ಇಷ್ಟು ವರ್ಷ ಒಂದು ದಿನವೂ ತಪ್ಪಿಸದ ಊದುಬತ್ತಿ ಅದು. ಹುಡುಗಿಯೇ ಮೆಲ್ಲಗೆ, “ನಮ್ಮನೇಲೂ ಉಳ ಇದ್ದಾಗ ದೇವ್ರಿಗೆ ಬತ್ತಿ ಅಚ್ಚಕಿಲ್ಲ ಅಣ್ಣ. ದೇವ್ರು ಕಾಯ್ಕತದೆ, ಬೆಳೆ ಆದ್‌ಮ್ಯಾಕೆ ಎಲ್ಲಾ ಸೇರ್ಸಿ ಮಾಡ್ತೀವಿ” ಎಂದಳು. ಅವರು ಬತ್ತಿಯನ್ನು ಮತ್ತೆ ಪೊಟ್ಟಣಕ್ಕೆ ಸೇರಿಸಿದರು. ಮರುದಿನದಿಂದ ಪಟಕ್ಕೆ ಬರೀ ದಾಸವಾಳ ಬಂತು. ದಾಸವಾಳಕ್ಕೆ ವಾಸನೆಯಿಲ್ಲ ಎಂದು ನಾಲ್ಕು ಜನರನ್ನು ಕೇಳಿ ತಂದಿದ್ದರು.

ಪುಸ್ತಕಗಳನ್ನು ಸಾಕಷ್ಟು ಗಾಳಿಗಿಟ್ಟ ಮೇಲೆ ಎರಡನೆಯ ಸಲ ಹುಳು ತಂದೆವು. ಈ ಬಾರಿ ಇನ್ನೊಬ್ಬ ವಿದ್ಯಾರ್ಥಿಯ ಮನೆಯಿಂದ, ಸ್ವಲ್ಪ ಎಳೆಯವು. ತಟ್ಟೆಯ ಸುತ್ತ ಪುಸ್ತಕಗಳನ್ನು ಗೋಡೆ ಕಟ್ಟಿದಂತೆ ಜೋಡಿಸಿದೆವು. ಒದ್ದೆಯಾಗಿ ಉಬ್ಬಿದ ಅರ್ಥಶಾಸ್ತ್ರದ ಪುಸ್ತಕವನ್ನು ಹೊಲಿಸಿ, ರಟ್ಟು ಕಟ್ಟಿಸಿದ್ದೆ. ಅದನ್ನು ತಟ್ಟೆಗೆ ಒತ್ತಿಕೊಂಡಂತೆ ಇಟ್ಟೆ. ಅಂಟಿಗೆ ಏನೂ ಬೆರೆಸದೆ ಬರೀ ಮೈದಾ ಗಂಜಿ ಹಾಕಿಸಿದ್ದೆ.

ಹುಳುಗಳು ಸೊಪ್ಪಿನ ಮೇಲೆ ಹತ್ತಿದವು. ನಾನು ಬಗ್ಗಿ ನೋಡುತ್ತ ನಿಂತೆ. ಎಲೆಯ ಅಂಚು ಮೆಲ್ಲಗೆ ಒಳಗೊಳಗೆ ಸರಿಯತೊಡಗಿತು. ಕೋಣೆಯಲ್ಲಿ ಅಷ್ಟು ಜನರಿದ್ದರೂ ಯಾರೂ ಉಸಿರೆತ್ತಲಿಲ್ಲ. ಸಣ್ಣ ಸದ್ದೊಂದು ಕೇಳಿಸಿತು, ಜಿಟಿಜಿಟಿ ಮಳೆ ಶುರುವಾದಂತೆ. “ತಿಂತಾ ಅವೆ” ಎಂದರು ಯಾರೋ. ಹೇಳಿದವರು ಅಟೆಂಡರ್. ಗ್ರಂಥಾಲಯದಲ್ಲಿ ನಿಶ್ಶಬ್ದವಾಗಿರಿ ಎಂದು ಕಿರುಚಿ ಕಿರುಚಿ ಸಾಕಾಗಿದ್ದ ನನಗೆ ಅಂಥ ನಿಶ್ಶಬ್ದ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಅವು ಜ್ವರಕ್ಕೆ ಮಲಗಿದವು, ಎದ್ದವು, ಮತ್ತೆ ತಿಂದವು. ರಜಾದಿನ ಅಟೆಂಡರ್ ತಾವೇ ಬಂದು ಸೊಪ್ಪು ಹಾಕಿದರು. ಮೈ ಮೇಣದ ಬಣ್ಣಕ್ಕೆ ತಿರುಗಿ ಹುಳು ಹಣ್ಣಾದಾಗ ಯಾರೋ ಮನೆಯಿಂದ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಯ ತುಂಡು ತಂದರು. ಅರ್ಥಶಾಸ್ತ್ರ ಮತ್ತು ಇತಿಹಾಸದ ಪುಸ್ತಕಗಳ ನಡುವೆ ಹಳದಿ ಗೂಡುಗಳು ಎದ್ದವು. ಪ್ರಾಂಶುಪಾಲರು ಎರಡು ಸಲ ಮೇಲೆ ಬಂದು ನೋಡಿ ಹೋದರು. ಎರಡನೆಯ ಸಲ ತಮ್ಮ ಮನೆಯವರನ್ನೂ ಕರೆತಂದಿದ್ದರು.

ಪರೀಕ್ಷೆಯ ರಜೆ ಶುರುವಾಯಿತು. ಹುಡುಗಿಯ ಮನೆಗೆ ಹೊಸ ಬೆಳೆಯ ಹುಳು ಬಂದಿತ್ತು. ಹೋಗುವ ದಿನ ಅವಳು ಅರ್ಥಶಾಸ್ತ್ರದ ಪುಸ್ತಕವನ್ನೂ ಅದರ ಪಕ್ಕದಲ್ಲಿ ಹುಳು ಕಟ್ಟಿದ ಒಂದು ಗೂಡನ್ನೂ ಕೇಳಿದಳು. ಗೂಡು ಯಾಕೆ ಎಂದೆ. “ಅಜ್ಜಿಗೆ ತೋರ್ಸಕೆ” ಎಂದಳು. ಒಗೆದ ಬಟ್ಟೆಯಲ್ಲಿ ಎರಡನ್ನೂ ಸುತ್ತಿ ಕೊಟ್ಟೆ. ಬಸ್ಸಿನಲ್ಲಿ ಬೀಡಿ ಸೇದಿದವರ ಪಕ್ಕ ಕೂರಬೇಡ ಎಂದೂ ಹೇಳಿದೆ.

ಆ ದಿನಗಳು ನನಗೆ ಸುಲಭವಾಗಿ ಕಳೆಯಲಿಲ್ಲ. ನಮ್ಮ ಕೋಣೆಯಲ್ಲಿ ಒಂದು ತಟ್ಟೆ ಹುಳು ಬದುಕಿದ್ದು ಬೇರೆ, ಅವರ ಮನೆಯ ತುಂಬು ಬೆಳೆ ಬೇರೆ. ಸೆಖೆ ಏರಿದರೆ ಹುಳು ಸಾಯಬಹುದು, ರೋಗ ಬಂದರೆ ಸಾಯಬಹುದು. ಸತ್ತರೆ ಕಾರಣ ಒಂದೇ ಎನಿಸಿಕೊಳ್ಳುತ್ತದೆ, ಅದರ ಬೆನ್ನಿಗೆ ನಮ್ಮ ಕಾಲೇಜಿನ ಮುದ್ರೆ ಇರುತ್ತದೆ. ನಾನು ಪರೀಕ್ಷೆ ಬರೆದ ಕಾಲದಲ್ಲೂ ಅಷ್ಟು ಹೆದರಿರಲಿಲ್ಲ. ಫೋನ್ ಮಾಡಿ ಕೇಳೋಣವೆಂದರೆ, ಕೇಳುವುದೇ ಅಪಶಕುನವಾದೀತೆಂದು ಕೈ ಬರುತ್ತಿರಲಿಲ್ಲ.

ಪರೀಕ್ಷೆಗೆ ಬಂದವಳನ್ನು ಗೇಟಿನ ಹತ್ತಿರ ಕಂಡೆ. “ಉಳ ಎಂಗವೆ?” ಎಂದು ಅವಳ ಮಾತಿನಲ್ಲೇ ಕೇಳಿಬಿಟ್ಟೆ. ಅವಳು ನಗುತ್ತ, “ಮ್ಯಾಯ್ತಾ ಅವೆ ಮೇಡಂ. ಅವ್ವ ಸೊಪ್ಪು ಆಕ್ತಾಳೆ, ನಾ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದ್ತೀನಿ. ಉಳಕ್ಕೆ ನನ್ಗಿಂತ ಚೆನ್ನಾಗಿ ಅರ್ಥಶಾಸ್ತ್ರ ಗೊತ್ತಾಗ್ಯದೆ ಅಂತಾಳೆ ಅಜ್ಜಿ” ಎಂದಳು. ಎಲ್ಲ ಪರೀಕ್ಷೆ ಮುಗಿದ ಮೇಲೆ ಪುಸ್ತಕ ಹಿಂದಿರುಗಿಸಿದಳು. ಅದು ಹಿಪ್ಪುನೇರಳೆ ಸೊಪ್ಪಿನ ಮತ್ತು ಸುಣ್ಣದ ವಾಸನೆ ಬೀರುತ್ತಿತ್ತು. ಒರೆಸದೆ ಹಾಗೇ ರ‍್ಯಾಕಿಗೆ ಸೇರಿಸಿದೆ.

ಆ ಕೋಣೆಯಲ್ಲಿ ಈಗಲೂ ಆಗಾಗ ಒಂದೆರಡು ಬೆಳ್ಳಿ ಹುಳು ಕಾಣಿಸುತ್ತವೆ. ಮಕ್ಕಳೇ ಸರದಿಯಂತೆ ಬ್ರಷ್ಷು ಹಿಡಿದು ಕೂರುತ್ತಾರೆ. ಗುಳಿಗೆ ಹಾಕಿದ್ದರೆ ಮುಗಿದುಹೋಗುವ ಕೆಲಸ, ಈಗ ಮುಗಿಯುವುದೇ ಇಲ್ಲ. ಇರಲಿ.

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಬೆಳೆ ಹಾಕಿದ ದಿನ ತಾಯಿ ಮಗಳು ಇಬ್ಬರೂ ಕಾಲೇಜಿಗೆ ಬಂದರು. ತಾಯಿ ಕೆನ್ನೆಗೆ ಅರಿಶಿನ ಹಚ್ಚಿ, ಮೊಳ ಮಲ್ಲಿಗೆ ಮುಡಿದಿದ್ದರು. ಮನೆಯಲ್ಲಿ ಹುಳು ಇಲ್ಲ, ಇನ್ನು ಕೆಲವು ದಿನ ಹೂ ಮುಡಿಯಬಹುದು. ಮಹಡಿ ಹತ್ತಿ ಬಂದವರು ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲಾಚೆಯೇ ನಿಂತರು. ಒಳಗಿನ ರ‍್ಯಾಕುಗಳನ್ನು, ಸರಸ್ವತಿಯ ಪಟವನ್ನು, ನನ್ನನ್ನು ನೋಡಿದರು.

“ಬನ್ನಿ, ಒಳಗೆ ಬನ್ನಿ” ಎಂದೆ.

“ಊ ತೆಗುದು ಬರ್ಬೇಕಾ ಮೇಡಮ್ಮೋರೆ? ಕೈಕಾಲು ತೊಳ್ಕಬೇಕಲ್ಲ, ನೀರೆಲ್ಲಿ ಅದೆ?”

ಕುರ್ಚಿಯಿಂದೆದ್ದು ಬಾಗಿಲಿಗೆ ಹೋದೆ. “ಏನೂ ಬೇಡಮ್ಮ, ಹೂ ಮುಡಿದುಕೊಂಡೇ ಬನ್ನಿ” ಎಂದು ಕೈ ಹಿಡಿದೆ. ಹೂವನ್ನು ಹಾಗೇ ಬಿಟ್ಟರು. ಆದರೆ ಅಟೆಂಡರ್ ತಂದುಕೊಟ್ಟ ಚೆಂಬಿನ ನೀರಿನಲ್ಲಿ ಕೈಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡೇ ಅವರು ಒಳಗೆ ಕಾಲಿಟ್ಟರು.